ಹನುಮಂತನ ಮೂಗು

ಭಾಲ್ಕಿ ಕಡೆಯಿಂದ ತೆಲುಗು ಸೀಮೆಗೆ ಬಂದು ಸನತ್‌ನಗರದಲ್ಲಿ ಸಂಸಾರ ಹೂಡಿದ ಹನುಮಂತ ಇಪ್ಪತ್ತೆಂಟು ವರ್ಷ ಮೂಗಿನ ಪುಣ್ಯದಿಂದ ಅನ್ನ ಉಂಡವನು. ನೆಂಟರಿಗೆ ‘ನೀರಿನ ಇಲಾಖೆ’ ಎಂದಷ್ಟೇ ಹೇಳುತ್ತಿದ್ದ. ಎಂಥ ನೀರು ಎಂದು ಅವರು ಕೇಳಲಿಲ್ಲ, ಇವನೂ ಬಾಯಿ ಬಿಡಲಿಲ್ಲ. ಕೂಕಟ್‌ಪಲ್ಲಿಯ ಫ್ಲ್ಯಾಟುಗಳ ಬಚ್ಚಲು, ಕಕ್ಕಸಿನ ನೀರನ್ನು ಶುದ್ಧ ಮಾಡಿ ಕೆರೆಗೆ ಬಿಡುವ ಘಟಕದಲ್ಲಿ ಅವನು ಆಪರೇಟರು.

ಗಾಳಿ ಊದುವ ತೊಟ್ಟಿಯಲ್ಲಿ ಕೊಳೆ ತಿನ್ನುವ, ಕಣ್ಣಿಗೆ ಕಾಣದ ಜೀವಿಗಳಿರುತ್ತವೆ. ಅವು ಬದುಕಿದ್ದರೆ ನೀರಿಗೆ ಹಸಿ ಮಣ್ಣಿನ ವಾಸನೆ, ಸತ್ತರೆ ಕೊಳೆತ ಮೊಟ್ಟೆಯ ನಾತ. ದಿನಾ ಬೆಳಿಗ್ಗೆ ಏಳಕ್ಕೆ ಹನುಮಂತ ಗಾಜಿನ ಜಾಡಿ ತುಂಬಿ, ಮೂಗಿಗೆ ಹಿಡಿದು, “ಠೀಕ್ ಐತಿ” ಎಂದರೆ ಮುಗಿಯಿತು. ಲ್ಯಾಬಿನ ವರದಿ ಸಂಜೆ ಬಂದು ಅದನ್ನೇ ಹೇಳುತ್ತಿತ್ತು. ಇಂಜಿನಿಯರ್ ವಿಶ್ವಜಿತ್ ನೀರಿನ ಗುಣ ಅಳೆಯುವ ಮೀಟರಿಗಿಂತ ಆ ಮೂಗನ್ನೇ ನಂಬಿದ್ದರು.

ಕೊರೊನಾ ಬಂತು. ಜೀವ ಉಳಿಯಿತು, ವಾಸನೆ ಹೋಯಿತು. ಮೊದಲು ಕಂಡುಹಿಡಿದವಳು ಹೆಂಡತಿ ಗೋದಾವರಿ.

“ಹಾಲು ಹೊತ್ತಿ ಮನಿಯೆಲ್ಲಾ ನಾರಾಕತ್ತೈತಿ, ಗೊತ್ತಾಗ್ಲಿಲ್ಲೇನ್ರಿ?”

“ಯಾರ ಮುಂದೂ ಹೇಳಬ್ಯಾಡ. ರಿಟೈರ್ ಆಗಾಕ ಎರಡೇ ವರ್ಷ ಐತಿ. ಗೊತ್ತಾದ್ರ ಜಾಲರಿಗೆ ಸಿಕ್ಕ ಕಸ ಬಾಚಾಕ ಹಾಕ್ತಾರ.”

ನಿಜವಾಗಿ ಅವನಿಗೆ ಕಸದ ಹೆದರಿಕೆ ಇರಲಿಲ್ಲ. ಮೂಗು ಹೋದ ಮೇಲೆ ತನ್ನನ್ನು ಯಾರು ಕೇಳುತ್ತಾರೆ ಎಂಬ ಹೆದರಿಕೆ. ಹಾಗಾಗಿ ಜಾಡಿ ಎತ್ತುತ್ತಲೇ ಇದ್ದ, ಠೀಕ್ ಎನ್ನುತ್ತಲೇ ಇದ್ದ. ಒಂದು ವರ್ಷ ಅದೃಷ್ಟವೂ ಸುಮ್ಮನೆ ಸಹಿಸಿಕೊಂಡಿತು.

ಆಷಾಢದ ಒಂದು ಭಾನುವಾರ ಬೆಳಿಗ್ಗೆ ಮೀಟರು ರಿಪೇರಿಗೆ ಹೋಗಿತ್ತು, ಲ್ಯಾಬಿಗೂ ರಜೆ. ಯಾವುದೋ ಟ್ಯಾಂಕರಿನವರು ಮ್ಯಾನ್‌ಹೋಲಿಗೆ ಕಾರ್ಖಾನೆಯ ವಿಷದ ನೀರು ಸುರಿದು ಹೋಗಿದ್ದರು. ತೊಟ್ಟಿಯ ಜೀವಿಗಳು ಸತ್ತಿದ್ದವು, ಬಣ್ಣ ಮಾತ್ರ ಇನ್ನೂ ಕೆಟ್ಟಿರಲಿಲ್ಲ. ಗುತ್ತಿಗೆ ಕೆಲಸದ ಹಂಪಯ್ಯ ಮೂಗು ಸಿಂಡರಿಸಿದ.

“ಅಣ್ಣಾರ, ಯಾಕೋ ನಾತ ಹೊಡ್ಯಾಕತ್ತೈತ್ರಿ. ಕೆರಿ ಗೇಟು ಮುಚ್ಚೂಣೇನ್ರಿ?”

ಹನುಮಂತ ಜಾಡಿ ಎತ್ತಿ ಉದ್ದಕ್ಕೆ ಉಸಿರೆಳೆದ. ಏನೂ ಇಲ್ಲ. ಆದರೂ ಬಾಯಿ ಅಭ್ಯಾಸದಂತೆ ನಡೆಯಿತು. “ನೀ ಬಂದು ಮೂರು ವರ್ಷ ಆಗಿಲ್ಲ, ನನಗ ಕಲಿಸ್ತಿಯೇನೋ? ಠೀಕ್ ಐತಿ!” ಎಂದು ಗದರಿ, ರಿಜಿಸ್ಟರಿನಲ್ಲೂ ಹಾಗೇ ಬರೆದ. ಎರಡು ಗಂಟೆಗೆ ಡ್ಯೂಟಿ ಮುಗಿಸಿ ಮನೆಗೆ ಹೋದ. ಹಂಪಯ್ಯ ಎರಡನೇ ಪಾಳಿಗೂ ಒಬ್ಬನೇ ಉಳಿದ.

ಮರುದಿನ ಕೆರೆಯ ತುಂಬ ಸತ್ತ ಮೀನು.

ವಿಶ್ವಜಿತ್ ರಿಜಿಸ್ಟರ್ ತೆರೆದು ತೆಲುಗಿನಲ್ಲಿ ಲೆಕ್ಕ ಹಾಕಿದರು: ಬೆಳಿಗ್ಗೆ ಹನುಮಂತ ಠೀಕ್ ಅಂದಿದ್ದಾನೆ, ಅಂದರೆ ಕೆಟ್ಟದ್ದು ಎರಡರ ನಂತರ. ಎರಡರ ನಂತರ ಇದ್ದವನು ಹಂಪಯ್ಯ, ನೋಡದೆ ಮಲಗಿದ್ದಾನೆ. ಗುತ್ತಿಗೆಯವನನ್ನು ತೆಗೆಯಲು ಕಾಗದವೂ ಬೇಕಿರಲಿಲ್ಲ, ಅಲ್ಲೇ ತೆಗೆದುಹಾಕಿದರು.

ಹನುಮಂತ ಪಕ್ಕದಲ್ಲೇ ನಿಂತಿದ್ದ. ಈ ಹುಡುಗ ಈಗ ಬೆಳಗಿನ ಮಾತು ಎತ್ತುತ್ತಾನೆ, ಎತ್ತಲಿ, ನಾನೂ ಒಪ್ಪಿಕೊಂಡು ಹಗುರಾಗುತ್ತೇನೆ ಎಂದು ಕಾದ. ಹಂಪಯ್ಯ ಎತ್ತಲಿಲ್ಲ. ಹೊರಗಿನ ಗೇಟಿನ ತನಕ ಜೊತೆಗೆ ಬಂದ ಹನುಮಂತನನ್ನು ಮೆಲ್ಲಗೆ ಕೇಳಿದ:

“ಅಣ್ಣಾರ, ನನಗ ಬೆಳಿಗ್ಗೇನ ನಾತ ಬಂದಿತ್ರಿ. ನೀವು ಠೀಕ್ ಅಂದ್ಮ್ಯಾಲ ಇಡೀ ದಿನ ನನ್ನ ಮೂಗೇ ಸುಳ್ಳು ಅಂತ ಸುಮ್ಮನಿದ್ದೆ. ಸಾಹೇಬ್ರೂ ಎರಡರ ಮ್ಯಾಲ ನೀರು ಕೆಟ್ಟೈತಿ ಅಂತಾರ. ನನ್ನ ಮೂಗು ಕೆಟ್ಟೈತೇನ್ರಿ?”

ಹನುಮಂತ ಅವನ ಮುಖ ನೋಡಲಿಲ್ಲ.

“ಒಮ್ಮೊಮ್ಮೆ ಹಂಗ ಆಗ್ತೈತಪ್ಪ. ಡಾಕ್ಟ್ರಿಗೆ ತೋರಿಸ್ಕೋ,” ಎಂದ.

ಹಂಪಯ್ಯ ಕೈಮುಗಿದು, ಹಾಗೇ ಮಾಡ್ತೀನ್ರಿ ಎಂದು ಬಸ್‌ಸ್ಟಾಪಿನ ಕಡೆ ನಡೆದ.