ಕೆಂಚನ ಕಾಲಿಗೆ ಕೆಂಚನದೇ ಮೂಳೆ

ಮೈಲಾರಲಿಂಗನ ಒಕ್ಕಲಿನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಹೋದ ಕಾರ್ತಿಕದಲ್ಲಿ ಸ್ವಾಮಿ ನಮ್ಮ ಪಾಲಿಗೆ ನಡೆಸಿದ್ದನ್ನು ನಿಮಗೆ ಹೇಳದೆ ನನಗೆ ಸಮಾಧಾನವಿಲ್ಲ.

ಶಿವನಿ ಹತ್ತಿರ ನಮ್ಮದೊಂದು ಕುರಿಮಂದೆಯಿದೆ. ಅದನ್ನು ಕಾಯುವವನು ನಮ್ಮ ನಾಯಿ ಕೆಂಚ. ಅವನ ಮುಂಗಾಲಿನ ಮೇಲೆ ಟ್ರ್ಯಾಕ್ಟರ್ ಟ್ರೇಲರಿನ ಚಕ್ರ ಹತ್ತಿಬಿಟ್ಟಿತು. ಲಗೇಜ್ ಆಟೋದಲ್ಲಿ ಮಲಗಿಸಿ ಶಿವಮೊಗ್ಗದ ಪಶು ಆಸ್ಪತ್ರೆಗೆ ಒಯ್ದೆವು. ಎಕ್ಸ್‌ರೇ ನೋಡಿದ ಡಾಕ್ಟರು, ನಡುವೆ ಎರಡು ಬೆರಳಗಲ ಮೂಳೆ ಪುಡಿಯಾಗಿದೆ, ಕೂಡುವುದಕ್ಕೆ ಏನೂ ಉಳಿದಿಲ್ಲ, ನಾಳೆ ಕಾಲು ತೆಗೆಯೋಣ ಎಂದರು. ಬೆಳಗ್ಗೆ ಹೊಟ್ಟೆ ಖಾಲಿ ಇರಬೇಕೆಂದೂ ಹೇಳಿದರು.

ಆ ರಾತ್ರಿ ಊರಿಗೆ ಹೋಗದೆ, ದಾರಿಯಲ್ಲಿ ಸಿಗುವ ತರೀಕೆರೆಯ ನಾದಿನಿಯ ಮನೆಯಲ್ಲಿ ಉಳಿದೆವು. ಮೂರು ಕಾಲಿನ ನಾಯಿ ತೋಳದ ಬಾಯಿಂದ ಕುರಿ ಬಿಡಿಸುವುದಿರಲಿ, ತಾನೇ ಅದಕ್ಕೆ ತುತ್ತು. ನನಗೆ ಸ್ವಾಮಿಯ ಮೇಲೆ ಕೆಟ್ಟ ಕೋಪ ಬಂತು. ಪಕ್ಕದಲ್ಲಿ ನಾಯಿಯಿರುವ ಸ್ವಾಮಿಯ ಪಟದ ಮುಂದೆ ನಿಂತು ಬೈದೇಬಿಟ್ಟೆ. "ನಾಯಿ ನಿನ್ ಪರಿವಾರದ್ದು. ನಾನ್ಯಾಕೆ ಬೇಡ್ಕೊಬೇಕು? ನಿನ್ ನಾಯಿ ಕಾಲು ನೀನೇ ಉಳಿಸ್ಕೊ."

ಬೆಳಗ್ಗೆ ನಾನು ಆಟೋ ಕರೆದು ಬರುವಷ್ಟರಲ್ಲಿ, ಜೊತೆಗೆ ಬಂದಿದ್ದ ನಮ್ಮತ್ತೆ ಕೆಂಚನಿಗೆ ಹಾಲು, ಬಾಳೆಹಣ್ಣು ಕಲಸಿ ಹಾಕಿದ್ದರು. ನಾಯಿಗೆ ಹಾಕದೆ ನಮ್ಮ ಒಕ್ಕಲಿನಲ್ಲಿ ಯಾರೂ ಬಾಯಿಗೆ ನೀರು ಹಾಕಿಕೊಳ್ಳುವಂತಿಲ್ಲ. ನಾನು ತಲೆ ತಲೆ ಚಚ್ಚಿಕೊಂಡೆ. ಅತ್ತೆಯದು ಒಂದೇ ಮಾತು: "ಡಾಕ್ಟ್ರು ಹೇಳವ್ರೆ ಅಂತ ಸ್ವಾಮಿ ನಾಯ್ನ ಉಪಾಸ ಕೆಡವ್ತಾರೇನೇ?"

ಹೊಟ್ಟೆ ತುಂಬಿದ ನಾಯಿಗೆ ಮತ್ತಿನ ಇಂಜೆಕ್ಷನ್ ಕೊಡುವ ಹಾಗಿಲ್ಲವೆಂದು ಡಾಕ್ಟರು ಗದರಿ, ಆಪರೇಷನ್ ಮರುದಿನಕ್ಕೆ ಹಾಕಿದರು. ಬೇರೆ ಊರಿನಿಂದ ಆಗಾಗ ಪಾಠ ಹೇಳಲು ಬರುವ ಹಿರಿಯ ಡಾಕ್ಟರಮ್ಮ ಒಬ್ಬರು ಆ ಮರುದಿನವೇ ಬಂದಿದ್ದರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಕಾಲು ತೆಗೆಯುವುದು ಬೇಡ, ಇವನ ಭುಜದ ಮೂಳೆಯೊಳಗಿನ ಮೆತ್ತನೆಯ ತಿರುಳನ್ನೇ ತೆಗೆದು ಆ ಸಂದಿಗೆ ತುಂಬಿ ಪ್ಲೇಟು ಕೂರಿಸೋಣ ಎಂದರು. ಬೇಕಾದದ್ದನ್ನು ಸ್ವಾಮಿ ಅವನ ಮೈಯೊಳಗೇ ಇಟ್ಟಿದ್ದ!

ಅಂದೇ ಹಾಗೆ ಆಪರೇಷನ್ ಮಾಡಿದರು. ಶಿವರಾತ್ರಿ ಕಳೆದ ಮೇಲೆ ಮತ್ತೆ ಎಕ್ಸ್‌ರೇ ತೆಗೆದರು. ಕಪ್ಪಗೆ ಖಾಲಿಯಿದ್ದ ಜಾಗದಲ್ಲಿ ಬೆಳ್ಳಗೆ ಮೂಳೆ ಕಟ್ಟಿತ್ತು. ಎಷ್ಟು ಹೊತ್ತು ನೋಡಿದರೂ ನಂಬಿಕೆ ಬರಲಿಲ್ಲ. ಅಂದೂ ಬಂದಿದ್ದ ಡಾಕ್ಟರಮ್ಮನ ಕಾಲಿಗೆ ಬೀಳಹೋದೆ. ಅವರು ತಡೆದು, "ನಾವು ತುಂಬೋದಷ್ಟೇ ಕಣಮ್ಮ. ಕೂಡ್ಸೋದು ನಮ್ ಕೈಲಿಲ್ಲ" ಎಂದರು.

ಈಗ ಕೆಂಚ ನಾಲ್ಕೂ ಕಾಲೂರಿ ಮಂದೆ ಸುತ್ತುತ್ತಾನೆ. ಪೂಜೆಯಲ್ಲಿ ಎಲ್ಲರೂ ‘ಏಳುಕೋಟಿ’ ಎಂದು ಸ್ವಾಮಿಯ ಜಯಕಾರ ಕೂಗುವಾಗ ಆ ಎಕ್ಸ್‌ರೇ ನೆನಪಾಗಿ ನನ್ನ ಕೂಗು ಅರ್ಧಕ್ಕೇ ನಿಲ್ಲುತ್ತದೆ. ಆ ಅರ್ಧವೂ ಸ್ವಾಮಿಗೆ ಕೇಳಿಸುತ್ತದೆ, ನನಗೆ ಗೊತ್ತು.