ಶಾಂತಕ್ಕನ ಜೀರಿಗೆ ಮೆಣಸು

ಇವತ್ತು ಬೆಳಿಗ್ಗೆ ಒಗ್ಗರಣೆಗೆ ಒಂದೇ ಒಂದು ಜೀರಿಗೆ ಮೆಣಸು ಹಾಕಿದೆ ನೋಡಿ, ಘಾಟು ಪಕ್ಕದ ಮನೆಯವರೆಗೂ ಹೋಯಿತು. ಅಲ್ಲಿ ಹೊಸದಾಗಿ ಸಂಸಾರ ಹೂಡಿರುವ ಬೆಳಗಾವಿಯ ಹುಡುಗಿ ಸೀನುತ್ತಲೇ ನಮ್ಮ ಬಾಗಿಲಿಗೆ ಬಂದಳು.

"ವೈನಿ, ಏನ್ ಖಾರರೀ ಇದು! ನನಗೂ ಒಂದೀಟು ಬೀಜ ಕೊಡ್ರಿ."

"ಬೀಜ ಹಾಕಿದ್ರ ಬರೂದಿಲ್ಲವಾ. ಹಕ್ಕಿ ತಿಂದು ಹಾಕಿದ್ರನ ಹುಟ್ಟತದ," ಅಂದೆ.

"ಹೌದೇನ್ರಿ?" ಅಂದಳು. ಬಾಯಿ ನಗುತ್ತಿತ್ತು, ಕಣ್ಣು ನಂಬಿರಲಿಲ್ಲ. ಆ ನೋಟವನ್ನು ನಾನೇ ಶಾಂತಕ್ಕನ ಮೇಲೆ ಎಷ್ಟೋ ಸಲ ಬೀರಿದ್ದೇನೆ.

ಶಾಂತಕ್ಕ ಆಗ ಅದೇ ಪಕ್ಕದ ಮನೆಯಲ್ಲಿದ್ದರು. ಕರಾವಳಿಯವರು; ಗಂಡ ಹೆಂಡತಿ ಇಲ್ಲಿ ಪುಣೆಯ ಕ್ಯಾಂಪ್ ಪೇಟೆಯಲ್ಲಿ ಹೋಟೆಲು ನಡೆಸುತ್ತಿದ್ದರು. ಅವರ ಗ್ಯಾಲರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ, ಹಳೆಯ ಎಣ್ಣೆ ಡಬ್ಬಿಯೊಂದರಲ್ಲಿ, ಈ ಗಿಡ. ಕಾಯಿ ಜೀರಿಗೆಗಿಂತ ಒಂದಿಷ್ಟು ದಪ್ಪ, ಅಷ್ಟೇ. ಆಕಾಶಕ್ಕೆ ಮೂತಿ ಎತ್ತಿ ನಿಲ್ಲುವ ಸೊಕ್ಕು ಬೇರೆ. ಪುಣೆಯ ಮಾರ್ಕೆಟ್ಟಿನಲ್ಲಿ ಕೇಳಿದರೆ ಲವಂಗಿ ಮಿರ್ಚಿ ಎಂಬ ಬೇರೆ ಮೆಣಸು ತೋರಿಸಿ ಸಾಗಹಾಕುತ್ತಾರೆ.

ಇಲ್ಲಿ ನನ್ನ ರಂಜಕದ ವಿಷಯ ಹೇಳಲೇಬೇಕು. ಹಣ್ಣು ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಉಪ್ಪು, ಮೆಂತ್ಯ, ಲಿಂಬೆರಸ ಹಾಕಿ ರುಬ್ಬಿ, ಕೈ ಉರಿಸಿಕೊಂಡು ಭರಣಿ ತುಂಬುವ ನಮ್ಮ ಧಾರವಾಡದ ಚಟ್ನಿ ಅದು. ನಮ್ಮ ಸಂಸಾರ ಅದರ ಮೇಲೆಯೇ ನಿಂತಿದೆ ಎಂದುಕೊಂಡಿದ್ದೆ. ಒಂದು ದಿನ ಶಾಂತಕ್ಕ ನಮ್ಮ ಮನೆಯವರಿಗೆ ಗಂಜಿ ಬಡಿಸಿ, ಅದಕ್ಕೊಂದು ಜೀರಿಗೆ ಮೆಣಸು ನುರಿದರು. ನಮ್ಮವರು ಮೂಗು ಒರೆಸಿಕೊಳ್ಳುತ್ತ, "ಖಾರ ಅಂದ್ರ ಇದು ನೋಡು!" ಅಂದರು. ಅದೂ ನನ್ನ ಕಡೆ ತಿರುಗಿ! ನನ್ನ ರಂಜಕಕ್ಕೆ ಅಂಥ ಮಾತು ಒಮ್ಮೆಯೂ ಸಿಕ್ಕಿರಲಿಲ್ಲ. ಗಂಜಿಗೆ ಮೆಣಸು ನುರಿಯುವುದೂ ಒಂದು ಅಡುಗೆಯೇ? ನನಗೆ ವಿಪರೀತ ಹೊಟ್ಟೆಕಿಚ್ಚಾಯಿತು.

ಮರುದಿನವೇ ಬೀಜ ಕೇಳಿದೆ. ಶಾಂತಕ್ಕ ಹಣ್ಣುಗಳನ್ನು ನನ್ನ ಕೈಗೆ ಕೊಡದೆ ಹೊಸ್ತಿಲ ಮೇಲಿಟ್ಟರು. ಮೆಣಸಿನಕಾಯಿ ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದಂತೆ. ನನ್ನೊಳಗೆ ಜಗಳ ಆಗಲೇ ಶುರುವಾಗಿತ್ತು. ಬೀಜ ಹಾಕಿದೆ, ನೀರೆರೆದೆ, ಒಂದೂ ಹುಟ್ಟಲಿಲ್ಲ. "ಅದು ಹಾಗೆ ಬರುದಿಲ್ಲ ಮಾರಾಯ್ರೆ, ಹಕ್ಕಿ ತಿಂದು ಹಾಕ್ಬೇಕು," ಅಂದರು. ಹುಟ್ಟದಿರಲೆಂದು ಬಿಸಿನೀರಲ್ಲಿ ಅದ್ದಿಯೇ ಕೊಟ್ಟಿರಬೇಕು ಎಂದುಕೊಂಡೆ. ಅಷ್ಟು ಜಾಣೆ ಗಿಡಕ್ಕೊಂದು ಬಲೆ ಮಾತ್ರ ಕಟ್ಟಿರಲಿಲ್ಲ. ಪಿಕಳಾರ ಹಕ್ಕಿಗಳು ಬಂದು ಹಣ್ಣು ಎತ್ತಿಕೊಂಡು ಹೋಗುತ್ತಿದ್ದವು. ಹೇಳಿದರೆ, "ಇರ್ಲಿ ಮಾರಾಯ್ರೆ, ಎಲ್ಲಿಯಾದ್ರೂ ಹುಟ್ಟಲಿ" ಎನ್ನುತ್ತಿದ್ದರು.

ಅವರು ಹೋಟೆಲು ಬಿಟ್ಟು ಊರಿಗೆ ಹೋದ ಮೇಲೆ ನಮ್ಮ ತುಳಸಿ ಕುಂಡದಲ್ಲಿ ನಾನು ಹಾಕದ ಸಸಿಯೊಂದು ಎದ್ದಿತು. ಕಾಯಿ ಬಿಟ್ಟಾಗ ಎಲ್ಲವೂ ಆಕಾಶ ನೋಡುತ್ತಿದ್ದವು. ಕುಣಿದಾಡುತ್ತ ಗಂಜಿ ಮಾಡಿ, ಮೆಣಸು ನುರಿದು ಕೊಟ್ಟೆ. ನಮ್ಮವರು ಕಣ್ಣು ಮುಚ್ಚಿ, "ಥೇಟ್ ಶಾಂತಕ್ಕನ ಗಂಜಿ!" ಅಂದರು.

ಗೆದ್ದ ದಿನವೂ ಆಕೆಯದೇ ಹೆಸರು. ಅಂದೇ ಗಿಡಕ್ಕೆ ಬಲೆ ಬಿಗಿದೆ. ಶಾಂತಕ್ಕನಂತೂ ಹೋದರು, ಇನ್ನೊಬ್ಬಳು ಹುಟ್ಟಿಕೊಳ್ಳಬಾರದು.

ಇವತ್ತು ಬೆಳಿಗ್ಗೆ ಆ ಹುಡುಗಿ ಹೋದ ಮೇಲೆ ಪಕ್ಕದ ಮನೆಯ ಬಾಗಿಲು ಮುಚ್ಚಿತು. ಗಂಡನ ಮುಂದೆ ನನ್ನ ಬಗ್ಗೆ ಏನು ಹೇಳಿರುತ್ತಾಳೆಂದು ನನಗೆ ಬಾಯಿಪಾಠ. ಎದ್ದು ಗ್ಯಾಲರಿಗೆ ಹೋದೆ. ಆಮೇಲೆ ಕತ್ತರಿ ತಂದು ಬಲೆ ಕತ್ತರಿಸಿದೆ.

ಮಧ್ಯಾಹ್ನ ಪಿಕಳಾರವೊಂದು ಬಂದು, ಇದ್ದುದರಲ್ಲಿ ಕೆಂಪಗಿನ ಹಣ್ಣನ್ನೇ ಆರಿಸಿಕೊಂಡು ಅವಳ ಗ್ಯಾಲರಿಯತ್ತ ಹಾರಿತು. ಮುಂದೊಂದು ದಿನ ನಮ್ಮವರು ಆ ಮನೆಯ ಗಂಜಿ ಉಂಡು ಏನೆನ್ನುತ್ತಾರೋ ಎಂದು ಹೊಟ್ಟೆ ಈಗಲೇ ಉರಿಯುತ್ತಿದೆ. ಬಲೆಯನ್ನು ಮಾತ್ರ ಮತ್ತೆ ಕಟ್ಟಿಲ್ಲ.