ಮಾವನವರ ಗಟ್ಟಿ ಮೂಲೆ

ನಮ್ಮ ಮಾವನವರ ಕೊಡೆಯಲ್ಲಿ ಮೊದಲಿನ ಬಟ್ಟೆ ಎಷ್ಟು ಉಳಿದಿತ್ತೋ ದೇವರಿಗೇ ಗೊತ್ತು. ತೇಪೆಯ ಮೇಲೆ ತೇಪೆ. ಕೊಡೆಯಾಗಲಿ, ಚಪ್ಪಲಿಯಾಗಲಿ, ಬಚ್ಚಲ ಬಾಗಿಲಾಗಲಿ, ಏನು ಹಾಳಾದರೂ “ಒಂದ್ ಕೈ ಎಳದ್ರೆ ಸಾಕು” ಎನ್ನುತ್ತ ತಾವೇ ರಿಪೇರಿಗೆ ಕೂತುಬಿಡುತ್ತಿದ್ದರು. ಕಿತ್ತು ಹೊಸದು ಮಾಡುವುದೆಂದರೆ ಅವರಿಗೆ ಜೀವ ಹೋದ ಹಾಗೆ.

ಇಂಥ ಮನುಷ್ಯ ದಾವಣಗೆರೆಯ ಕೆ.ಬಿ. ಬಡಾವಣೆಯ ಮನೆಯ ಹಿತ್ತಲಲ್ಲಿ ಈಜುಕೊಳ ಕಟ್ಟಿಸಿದ್ದರು, ಅದೂ ತಮಗೆ ಈಜು ಬಾರದೆ! ಹತ್ತಿ ವ್ಯಾಪಾರ ಕುದುರಿದ ಕಾಲದಲ್ಲಿ ಅತ್ತೆಗಾಗಿ ಕಟ್ಟಿಸಿದ್ದು. ಅತ್ತೆ ಸಾರಥಿ ಎಂಬ ಹಳ್ಳಿಯ ಹೆಣ್ಣುಮಗಳು. ಹರಿಹರದ ಹೊಳೆಯಲ್ಲಿ ಈಜಿ ಬೆಳೆದವರು. ಮಂಡಿ ಹಿಡಿದುಕೊಂಡು ಗೋಡೆಯ ಆಸರೆಯಿಲ್ಲದೆ ನಡೆಯಲಾಗದಂತಾದಾಗ, ನೀರಲ್ಲಿ ಕಾಲಾಡಿಸಿ ಎಂದು ಡಾಕ್ಟರು ಹೇಳಿದ್ದರಂತೆ. ನಾನು ಸೊಸೆಯಾಗಿ ಬಂದ ಮೇಲೆ ದಿನಾ ನೋಡುತ್ತಿದ್ದೆ. ಕಚ್ಚೆ ಕಟ್ಟಿ ಅವರು ನೀರಿಗಿಳಿದರೆ, ಕುಂಟುತ್ತಿದ್ದ ಹೆಂಗಸು ಇವರೇನಾ ಅನ್ನಿಸುತ್ತಿತ್ತು. ಮಾವ ಮಾತ್ರ ಅಂಚಿನಿಂದ ಎರಡು ಮಾರು ದೂರ ಕುರ್ಚಿ ಹಾಕಿಕೊಂಡು, “ಹುಷಾರು, ಹುಷಾರು” ಅನ್ನುತ್ತ ಕೂತಿರುತ್ತಿದ್ದರು.

ಕೊಳದ ಒಂದು ಮೂಲೆಯಲ್ಲಿ, ಗೋಡೆಯ ಮೇಲ್ತುದಿಗೆ, ಒಂದು ಚೌಕ ಕಿಂಡಿಯಿತ್ತು. ತೇಲುವ ಎಲೆ, ಕಸ ಅದರೊಳಗೆ ಹರಿದು ಬುಟ್ಟಿಯಲ್ಲಿ ನಿಲ್ಲುತ್ತಿತ್ತು. ಅದನ್ನು ನಾವು ಕಸದ ಬಾಯಿ ಅನ್ನುತ್ತಿದ್ದೆವು. ಅದರ ಸುತ್ತಲಿನ ಕಾಂಕ್ರೀಟು ಪುಡಿಪುಡಿಯಾಗಿ ಉದುರುತ್ತಿತ್ತು. ಮಾವ ಪ್ರತಿ ದೀಪಾವಳಿಗೆ ಅದರ ಮೇಲೊಂದು ಕೈ ಸಿಮೆಂಟು ಎಳೆದು, ಸುಣ್ಣ ಬಳಿದು, ಎದೆಯುಬ್ಬಿಸಿ ನಿಲ್ಲುತ್ತಿದ್ದರು. ಯುಗಾದಿಯ ಹೊತ್ತಿಗೆ ಅದು ಮತ್ತೆ ಬಾಯಿ ಬಿಡುತ್ತಿತ್ತು.

ಒಂದು ಬೇಸಿಗೆಯಲ್ಲಿ ಪಕ್ಕದ ಮನೆಯ ಯಜಮಾನರು ಬಂದರು. ಒಳ್ಳೆಯ ಮನುಷ್ಯರೇ, ಆದರೆ ಅಂದು ಕೂರಲಿಲ್ಲ.

“ನಿಮ್ ಕೊಳದ್ ನೀರು ಇಳ್ದು ನಮ್ ಅಡಿಗೆಮನೆ ಗೋಡೆ ಹಸಿ ಹಿಡ್ದೈತ್ರಿ. ಈ ಸಲ ನಿಲ್ಲಲಿಲ್ಲಂದ್ರೆ ಮಣ್ಣ್ ಹಾಕಿ ಮುಚ್ಚಿಬಿಡ್ರಿ. ಬ್ಯಾರೆ ದಾರಿ ಇಲ್ಲ.”

ಮಾವ “ಆತ್ರಿ” ಅಂದರು. ನ್ಯಾಯ ಪಕ್ಕದ ಮನೆಯವರ ಕಡೆಗಿತ್ತು. ಕೊಳ ಮುಚ್ಚಿದರೆ ಅತ್ತೆ ಹಾಸಿಗೆ ಹಿಡಿಯುತ್ತಾರೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನೀರು ಇಳಿಸಿದ್ದಾಯಿತು. ಮಾವ ಎಂದಿನಂತೆ ಸಿಮೆಂಟು ಕಲಸಲು ಹೊರಟರು. ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಹಳೇ ಬಟ್ಟೆಗಳ ಕೌದಿ ಹೊಲಿಯುತ್ತಿದ್ದವರು ತಲೆಯೆತ್ತದೆ ಅಂದರು:

“ಜೀರ್ಣ ಆದ ಬಟ್ಟೆಗೆ ಹೊಲಿಗೆ ನಿಲ್ತೈತೇನ್ರಿ? ಗಟ್ಟಿ ಬಟ್ಟೆ ಸಿಗೋತನ ಕತ್ತರಿಸ್ಬೇಕು. ಆಮ್ಯಾಲೆ ತ್ಯಾಪೆ.”

ಮಾವ ಬಾಂಡ್ಲಿ ಕೆಳಗಿಟ್ಟರು. ಆಮೇಲೆ ಹಿತ್ತಲಿಂದ ಉಳಿ ಸುತ್ತಿಗೆಯ ಸದ್ದು ಕೇಳಿಸಿತು. ಮದುವೆಯಾಗಿ ಬಂದಾಗಿನಿಂದ ಅವರು ಏನನ್ನಾದರೂ ಒಡೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಡುವೆ ಒಂದು ಹಳೆಯ ತೇಪೆ ಇಡಿಯಾಗಿ ಕೈಗೆ ಬಂತು.

“ಏ ಇವಳೇ, ಇದು ನಾನೇ ಹಾಕಿದ್ದಲ್ಲೇನೆ?”

“ಅದಕ್ಕೇ ಬಂತು,” ಅಂದರು ಅತ್ತೆ.

ಮಾವ ನಕ್ಕರು. ಕಸದ ಬಾಯಿಯ ಸುತ್ತ ಉಳಿ ಖಣ್ ಎನ್ನುವವರೆಗೂ ಒಡೆದರು. ಪುಡಿ ತೊಳೆದು, ಹೊಸ ಜಲ್ಲಿ ಕಾಂಕ್ರೀಟು ತುಂಬಿದರು. ಬೇಗ ಒಣಗಿ ಬಿರಿಯದಿರಲೆಂದು ಅದರ ಮೇಲೆ ಅಂಗಡಿಯ ರದ್ದಿ ಹತ್ತಿಯನ್ನು ನೆನೆಸಿ ಹೊದಿಸಿದರು. ಉರಿಬಿಸಿಲಲ್ಲಿ ಆ ತೇಪೆಯ ಕೊಡೆಯನ್ನು ಕಾಂಕ್ರೀಟಿಗೆ ಹಿಡಿದು, ತಾವು ಬೆವರುತ್ತ, ಹತ್ತಿಗೆ ನೀರು ಚಿಮುಕಿಸುತ್ತ ಕೂತರು. ಬಾಣಂತಿಯನ್ನೂ ಯಾರೂ ಹಾಗೆ ನೋಡಿಕೊಳ್ಳುವುದಿಲ್ಲ.

ಕೊಳ ತುಂಬಿಸಿ ಕಾದೆವು. ಕೆಲವು ದಿನಗಳ ಮೇಲೆ ಪಕ್ಕದ ಮನೆಯವರು ಬಂದರು. ಈ ಸಲ ಕೇಳುವ ಮೊದಲೇ ಕುರ್ಚಿ ಎಳೆದುಕೊಂಡು ಕೂತರು.

“ಗೋಡೆ ಒಣಗೇತ್ರಿ. ಚಾ ಮಾಡಿಸ್ರಿ.”

ನಾನು ಚಹಾಕ್ಕೆ ನೀರಿಟ್ಟೆ. ಒಲೆಯ ಮುಂದೆ ಸುಮ್ಮನೆ ಅತ್ತುಬಿಟ್ಟೆ. ಅಂದು ಅತ್ತೆ ನೀರಿಗಿಳಿದಾಗ ಮಾವ ಮೊದಲ ಬಾರಿಗೆ ಅಂಚಿಗೆ ಬಂದು, ಪಂಚೆ ಎತ್ತಿಕೊಂಡು, ತಮ್ಮ ಮೂಲೆಯ ಮೇಲೆ ಕೂತು ಕಾಲು ಇಳಿಬಿಟ್ಟರು. “ಹುಷಾರು” ಅನ್ನುವ ಸರದಿ ಅತ್ತೆಯದಾಯಿತು.

ಮಾವ ತೀರಿಕೊಂಡ ಮರುವರ್ಷ ಕೊಳದ ಅಂಚೆಲ್ಲ ಬಿರುಕು ಬಿಟ್ಟಿತು. ಅತ್ತೆ ಮೊದಲು ಮಾಡಿದ ಕೆಲಸವೆಂದರೆ ಆಳುಗಳನ್ನು ಕರೆಸಿ, ಹೊಸದಾಗಿ ಕಟ್ಟಲು ಅಂಚನ್ನೆಲ್ಲ ಕೆಡವಲು ಹೇಳಿದ್ದು. ಕಸದ ಬಾಯಿಯ ಹತ್ತಿರ ಹಾರೆ ಹಿಡಿದವನು ಬೆವರೊರೆಸಿಕೊಳ್ಳುತ್ತ ನಿಂತ.

“ಇದೊಂದ್ ಮೂಲೆ ಜಗ್ತಾ ಇಲ್ರಿ ಅಮ್ಮಾ. ಯಾವ ಪುಣ್ಯಾತ್ಮ ಹಾಕಿದ್ನೋ!”

ಅತ್ತೆ ಗೋಡೆ ಹಿಡಿಯದೆ ಅಲ್ಲಿಯವರೆಗೂ ನಡೆದು ಹೋದರು. ಆ ಮೂಲೆಯ ಧೂಳನ್ನು ಸೆರಗಿನಿಂದ ಒರೆಸಿದರು.

“ಅದನ್ನ ಕೆಡವಬ್ಯಾಡಪ್ಪ,” ಅಂದರು. “ಒಂದ್ ಕೈ ಎಳದ್ರೆ ಸಾಕು.”